1881ರ ಜನಗಣತಿಯಲ್ಲಿ ಹ್ಯಾನ್‌ವೆಲ್ ಶಾಲೆಯ ಹುಡುಗ: ವರ್ಕ್‌ಹೌಸ್ ದಫ್ತರಗಳಲ್ಲಿ ಅವನನ್ನು ಹುಡುಕೋದು ಹೇಗೆ?

ದಂಡಿನ ದಾಖಲೆ:
ಬೆಂಗಳೂರು ದಂಡಿನಲ್ಲಿ 1890ರ ದಶಕದಲ್ಲಿ ತೀರಿಕೊಂಡ ಒಬ್ಬ ಬ್ರಿಟಿಷ್ ಬ್ಯಾಂಡ್ ಸಿಪಾಯಿಯ ಹಿನ್ನೆಲೆ ತಿಳಿಯಬೇಕಿದೆ. ಸಮಾಧಿ ದಾಖಲೆಯಲ್ಲಿ ಇರೋದು ಹೆಸರು, ವಯಸ್ಸು, ಪಲ್ಟನ್, ಇಷ್ಟೇ. ಅದೇ ಹೆಸರಿನ, ವಯಸ್ಸೂ ಹೊಂದುವ ಹುಡುಗನೊಬ್ಬ 1881ರ ಇಂಗ್ಲೆಂಡ್ ಜನಗಣತಿಯಲ್ಲಿ ಹ್ಯಾನ್‌ವೆಲ್‌ನ ಸೆಂಟ್ರಲ್ ಲಂಡನ್ ಡಿಸ್ಟ್ರಿಕ್ಟ್ ಸ್ಕೂಲ್‌ನಲ್ಲಿ ಇದ್ದಾನೆ. ವಯಸ್ಸು 9, ‘ಸ್ಕಾಲರ್’ (ವಿದ್ಯಾರ್ಥಿ), ಹುಟ್ಟಿದ್ದು ಲಂಡನ್ನಿನ ಸೌತ್‌ವಾರ್ಕ್. ಅಪ್ಪ ಅಮ್ಮನ ಹೆಸರಿಲ್ಲ. ಅದು ವರ್ಕ್‌ಹೌಸ್ (ಗತಿಯಿಲ್ಲದ ಬಡವರನ್ನು ತೆರಿಗೆ ಹಣದಲ್ಲಿ ಇಟ್ಟು ಸಾಕುತ್ತಿದ್ದ ಬಡಮನೆ) ಮಕ್ಕಳ ಶಾಲೆ ಅನ್ನೋದು ಗೊತ್ತು. ಈ ಒಂದು ಸಾಲು ಹಿಡಿದು ಹಿಂದಕ್ಕೆ ಅವನ ಹುಟ್ಟಿನವರೆಗೆ, ಮುಂದಕ್ಕೆ ಪಲ್ಟನ್ನಿನವರೆಗೆ ಹೋಗಲು ಯಾವ ದಫ್ತರ ಮೊದಲು ನೋಡಬೇಕು?

ಹಳೇ ಕಡತ:
ಮೊದಲು ಒಂದು ಮಾತು ಸರ್. ಸಿಪಾಯಿ ಮತ್ತು ಹುಡುಗ ಒಬ್ಬನೇ ಅಂತ ಈಗಲೇ ಗಂಟು ಹಾಕಬೇಡಿ. ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ಇಟ್ಟುಕೊಂಡು ಹುಡುಗನನ್ನು ಮುಂದಕ್ಕೆ, ಸಿಪಾಯಿಯನ್ನು ಹಿಂದಕ್ಕೆ ತನ್ನಿ. ಮಧ್ಯದಲ್ಲಿ ಎಲ್ಲಾದರೂ ಕೂಡಿದರೆ ಕೂಡಲಿ.

ಇನ್ನು ಹುಡುಗನ ವಿಷಯ. ವರ್ಕ್‌ಹೌಸ್ ದಫ್ತರ ಅಂದರೆ ಮಕ್ಕಳ ಚರಿತ್ರೆ ಬರೆದಿಟ್ಟ ಪುಸ್ತಕ ಅಂದುಕೊಂಡರೆ ದಾರಿ ತಪ್ಪುತ್ತೆ. ಅದು ಪೂರ್ತಿ ಜಮಾಖರ್ಚಿನ ಪುಸ್ತಕ. 1834ರ ಬಡವರ ಕಾನೂನಿನ ಪ್ರಕಾರ ಪ್ಯಾರಿಷ್‌ಗಳು (ಒಂದೊಂದು ಚರ್ಚಿನ ಸುತ್ತಲಿನ ಆಡಳಿತ ವಲಯಗಳು) ಸೇರಿ ಯೂನಿಯನ್, ಯೂನಿಯನ್ನಿಗೆ ಒಂದು ಗಾರ್ಡಿಯನ್ ಮಂಡಳಿ, ತೆರಿಗೆದಾರರ ಹಣಕ್ಕೆ ಆ ಮಂಡಳಿ ಹೊಣೆ. ಮಗು ಒಂದು ಬಾಬ್ತಿನಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಗುಮಾಸ್ತ ಒಂದು ಸಾಲು ಬರೆಯಲೇಬೇಕು. ಹಾಗಾಗಿ ಪ್ರತಿ ಹಂತದಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಇವತ್ತು ಇವನ ಊಟದ ಖರ್ಚು ಯಾರ ಲೆಕ್ಕಕ್ಕೆ?

ಹ್ಯಾನ್‌ವೆಲ್ ಶಾಲೆ ಒಂದೇ ಯೂನಿಯನ್ನಿನದಲ್ಲ. ಸಿಟಿ ಆಫ್ ಲಂಡನ್, ಸೇಂಟ್ ಸೇವಿಯರ್ಸ್ ಮುಂತಾದ ಯೂನಿಯನ್‌ಗಳು ಸೇರಿ ನಡೆಸುತ್ತಿದ್ದ ಜಂಟಿ ಶಾಲೆ. ಹುಟ್ಟಿದ್ದು ಸೌತ್‌ವಾರ್ಕ್ ಅಂದರೆ ಕಳಿಸಿದ್ದು ಸೇಂಟ್ ಸೇವಿಯರ್ಸ್ ಇರುವ ಸಾಧ್ಯತೆ ಹೆಚ್ಚು. 1869ರಲ್ಲಿ ನ್ಯೂವಿಂಗ್ಟನ್ ಮತ್ತು ಸೇಂಟ್ ಜಾರ್ಜ್ ದ ಮಾರ್ಟಿರ್ ಪ್ಯಾರಿಷ್‌ಗಳೂ ಈ ಯೂನಿಯನ್ನಿಗೆ ಸೇರಿದವು. 1891ರಲ್ಲಿ ಇದರ ಹೆಸರೇ ಸೌತ್‌ವಾರ್ಕ್ ಯೂನಿಯನ್ ಅಂತ ಬದಲಾಯಿತು. ಇದು ತಿಳಿಯದೆ ‘ಸೌತ್‌ವಾರ್ಕ್ ಯೂನಿಯನ್ 1881’ ಅಂತ ಹುಡುಕಿ ಏನೂ ಇಲ್ಲ ಅಂತ ಕೈಬಿಟ್ಟವರು ಬಹಳ. ದಾಖಲಾಗಾರದ ಸೂಚಿಯಲ್ಲಿ ಹಳೆಯ ಸೇಂಟ್ ಸೇವಿಯರ್ಸ್ ಪುಸ್ತಕಗಳನ್ನೂ ಸೌತ್‌ವಾರ್ಕ್ ಗಾರ್ಡಿಯನ್ ಮಂಡಳಿಯ ಗುಂಪಿನಲ್ಲೇ ನೋಡಿ.

ಎಲ್ಲವೂ ಇರೋದು ಲಂಡನ್ನಿನ ಕ್ಲರ್ಕನ್‌ವೆಲ್‌ನಲ್ಲಿ, ಈಗ ‘ದ ಲಂಡನ್ ಆರ್ಕೈವ್ಸ್’ ಅನ್ನುವ ಸಂಸ್ಥೆಯಲ್ಲಿ. 2024ರವರೆಗೆ ಅದರ ಹೆಸರು ಲಂಡನ್ ಮೆಟ್ರೋಪಾಲಿಟನ್ ಆರ್ಕೈವ್ಸ್. ಹಳೇ ಲೇಖನಗಳಲ್ಲಿ ‘ಎಲ್‌ಎಂಎ’ ಅಂತ ಕಂಡರೆ ಇದೇ.

ಸಾಲುಮನೆ:
ಜನಗಣತಿಯ ಸಾಲನ್ನು ಸೂಚಿಯಲ್ಲಿ ನೋಡಿದ್ದೀರಾ, ಮೂಲ ಹಾಳೆಯ ಚಿತ್ರದಲ್ಲಿ ನೋಡಿದ್ದೀರಾ? ಚಿತ್ರವನ್ನೇ ನೋಡಿ ಸರ್. 1881ರದು ಏಪ್ರಿಲ್ 3ರ ರಾತ್ರಿಯ ಲೆಕ್ಕ, ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲಾಗಾರದಲ್ಲಿ ಆರ್‌ಜಿ 11 ಸರಣಿ. ದೊಡ್ಡ ಸಂಸ್ಥೆಗಳಿಗೆ ಪ್ರತ್ಯೇಕ ಹಾಳೆ ಇರುತ್ತಿತ್ತು. ಹುಡುಗನ ಹಾಳೆಯ ಹಿಂದೆ ಮುಂದೆ ಹತ್ತು ಹಾಳೆ ತಿರುವಿ ಅದೇ ಅಡ್ಡಹೆಸರಿನ ಬೇರೆ ಮಕ್ಕಳಿದ್ದಾರಾ ನೋಡಿ. ಹುಡುಗರು ಒಂದು ಕಡೆ, ಹುಡುಗಿಯರು ಇನ್ನೊಂದು ಕಡೆ, ಶಿಶುಗಳು ಮತ್ತೊಂದು ಕಡೆ ಬರೆದಿರುತ್ತಾರೆ. ಅಕ್ಕ ಅಥವಾ ತಮ್ಮ ಇದ್ದರೂ ಪಕ್ಕದ ಸಾಲಿನಲ್ಲಿ ಇರೋದಿಲ್ಲ.

ಒಡಹುಟ್ಟಿದವರು ಸಿಕ್ಕರೆ ಅರ್ಧ ಕೆಲಸ ಆಯಿತು ಅಂತಲೇ ತಿಳಿಯಿರಿ. ಒಂದೇ ಹೆಸರಿನ ಹುಡುಗರು ಲಂಡನ್ನಿನಲ್ಲಿ ಇಬ್ಬರು ಮೂವರು ಇರಬಹುದು. ಆದರೆ ಅದೇ ಹೆಸರಿನ 9 ವರ್ಷದ ಹುಡುಗನಿಗೆ ಇಂಥದೇ ಹೆಸರಿನ 6 ವರ್ಷದ ತಂಗಿ ಇರೋದು ಅಪರೂಪ.

ಕೆಲವು ವರ್ಕ್‌ಹೌಸ್ ಮತ್ತು ಹುಚ್ಚಾಸ್ಪತ್ರೆಗಳ ಹಾಳೆಗಳಲ್ಲಿ ಪೂರ್ತಿ ಹೆಸರಿನ ಬದಲು ಮೊದಲಕ್ಷರ ಮಾತ್ರ ಇರುತ್ತೆ. ಅಮ್ಮನನ್ನು ಅದೇ ರಾತ್ರಿ ವರ್ಕ್‌ಹೌಸಿನಲ್ಲಿ ಹುಡುಕುವಾಗ ಇದು ನೆನಪಿರಲಿ. ಹೆಸರು ಹೊಡೆದರೆ ಬರೋದಿಲ್ಲ, ಸಂಸ್ಥೆಯ ಹಾಳೆಗಳನ್ನೇ ಒಂದೊಂದಾಗಿ ಓದಬೇಕು.

ದಂಡಿನ ದಾಖಲೆ:
ಚಿತ್ರ ನೋಡಿದೆ, ಅದೇ ಅಡ್ಡಹೆಸರಿನ ಹುಡುಗಿಯೊಬ್ಬಳು ನಾಲ್ಕು ಹಾಳೆ ಆಚೆ ಇದ್ದಾಳೆ, ವಯಸ್ಸು 7, ಅವಳೂ ಸೌತ್‌ವಾರ್ಕ್. ಮುಂದಿನ ಹೆಜ್ಜೆ ವರ್ಕ್‌ಹೌಸಿನ ಪ್ರವೇಶ ರಿಜಿಸ್ಟರೇ?

ಹಳೇ ಕಡತ:
ಅಲ್ಲ, ಮೊದಲು ಶಾಲೆಯ ರಿಜಿಸ್ಟರ್. ಸೆಂಟ್ರಲ್ ಲಂಡನ್ ಸ್ಕೂಲ್ ಡಿಸ್ಟ್ರಿಕ್ಟ್‌ನ ದಾಖಲೆಗಳಿಗೆ ಲಂಡನ್ ಆರ್ಕೈವ್ಸ್‌ನಲ್ಲಿ ‘ಸಿಎಲ್‌ಎಸ್‌ಡಿ’ ಅನ್ನುವ ಗುರುತು. ಅದರಲ್ಲಿ ನಿಮಗೆ ಬೇಕಾದ್ದು ಮೂರು: ಯಾವ ಯೂನಿಯನ್ ಕಳಿಸಿತು, ಯಾವ ದಿನ ಬಂದ, ಯಾವ ದಿನ ಎಲ್ಲಿಗೆ ಹೋದ.

ಬಂದ ದಿನ ಸಿಕ್ಕಿತೋ, ವರ್ಕ್‌ಹೌಸ್ ರಿಜಿಸ್ಟರ್ ಹುಡುಕಾಟ ವರ್ಷಗಟ್ಟಲೆ ಇದ್ದದ್ದು ವಾರಗಳಿಗೆ ಇಳಿಯುತ್ತೆ. ಮಕ್ಕಳನ್ನು ನೇರವಾಗಿ ಶಾಲೆಗೆ ಸೇರಿಸುತ್ತಿರಲಿಲ್ಲ. ಮೊದಲು ವರ್ಕ್‌ಹೌಸಿನ ಸ್ವೀಕಾರ ವಾರ್ಡು, ಸ್ನಾನ, ವೈದ್ಯರ ತಪಾಸಣೆ, ಆಮೇಲೆ ರವಾನೆ. ಆದ್ದರಿಂದ ಶಾಲೆಗೆ ಬಂದ ತಾರೀಖಿನಿಂದ ಹಿಂದಕ್ಕೆ ಒಂದೊಂದೇ ದಿನ ಓದುತ್ತಾ ಎರಡು ತಿಂಗಳು ಹೋಗಿ. ಬಹುತೇಕ ಅಷ್ಟರಲ್ಲಿ ಸಿಗುತ್ತೆ.

ಒಂದು ಎಚ್ಚರಿಕೆ. ಪ್ರವೇಶ ರಿಜಿಸ್ಟರ್ ಅಕಾರಾದಿಯಾಗಿ ಇಲ್ಲ, ದಿನವಾರು ಇದೆ. ನಮ್ಮ ಕಚೇರಿಗಳ ಆವಕ-ಜಾವಕ ಪುಸ್ತಕದ ಹಾಗೇ: ಒಳಗೆ ಬಂದವರು ಒಂದು ಕಡೆ, ಹೊರಗೆ ಹೋದವರು ಇನ್ನೊಂದು ಕಡೆ, ಇವೆರಡರ ಸಾಲುಗಳು ಒಂದಕ್ಕೊಂದು ಎದುರುಬದುರು ಇರೋದಿಲ್ಲ. ಒಳಗೆ ಬಂದ ಸಾಲಿನ ಪಕ್ಕದಲ್ಲೇ ಹೊರಹೋದ ತಾರೀಖು ಇದೆ ಅಂತ ಓದಿಕೊಂಡರೆ ಬೇರೆಯವರ ಬದುಕನ್ನು ನಿಮ್ಮ ಹುಡುಗನಿಗೆ ಅಂಟಿಸಿದ ಹಾಗಾಗುತ್ತೆ.

ಮಸಿಕುಡಿಕೆ:
ಪ್ರವೇಶದ ಪುಟವನ್ನು ಹೇಗೆ ಓದಬೇಕು ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಹೆಸರಿನ ಕಲಂ ಮಾತ್ರ ನೋಡಿ ಪುಟ ತಿರುವುವವರೇ ಹೆಚ್ಚು.

ಅಚ್ಚಾದ ನಮೂನೆಯಲ್ಲಿ ಎಡದಿಂದ ತಾರೀಖು ಮತ್ತು ವಾರ. ಅದರ ಪಕ್ಕದಲ್ಲಿ ‘ಪ್ರವೇಶದ ನಂತರದ ಮೊದಲ ಊಟ’ ಅಂತ ಒಂದು ಸಣ್ಣ ಕಲಂ. ಅದರಲ್ಲಿ ಬಿ, ಡಿ ಅಥವಾ ಎಸ್ ಅಂತ ಒಂದೇ ಅಕ್ಷರ: ಬ್ರೇಕ್‌ಫಾಸ್ಟ್, ಡಿನ್ನರ್, ಸಪ್ಪರ್. ಅಲ್ಲಿ ಡಿನ್ನರ್ ಅಂದರೆ ಮಧ್ಯಾಹ್ನದ ಊಟ. ಇದು ಅಡುಗೆಮನೆಯ ಪಡಿ ಲೆಕ್ಕಕ್ಕಾಗಿ ಇಟ್ಟ ಕಲಂ, ಆದರೆ ನಮಗೆ ಹೊತ್ತು ಹೇಳುತ್ತೆ. ‘ಎಸ್’ ಇದ್ದರೆ ಮಗು ಬಾಗಿಲಿಗೆ ಬಂದದ್ದು ಮಧ್ಯಾಹ್ನದ ಊಟ ಮುಗಿದ ಮೇಲೆ. ಎಂಥ ಸಣ್ಣ ಅಕ್ಷರ ನೋಡಿ, ಆ ಮಗು ಆ ರಾತ್ರಿ ಉಂಡಿತು ಅನ್ನೋದಕ್ಕೆ ನೂರೈವತ್ತು ವರ್ಷದ ಮೇಲೆ ಅದೊಂದೇ ಸಾಕ್ಷಿ.

ಆಮೇಲೆ ಹೆಸರು, ಕಸುಬು, ಧರ್ಮಪಂಥ, ಹುಟ್ಟಿದ ವರ್ಷ, ಆಹಾರದ ವರ್ಗ, ಪ್ಯಾರಿಷ್, ಯಾರ ಆದೇಶದ ಮೇರೆಗೆ, ಕೊನೆಗೆ ಷರಾ. 1847ರ ಸಾಮಾನ್ಯ ಆದೇಶದಲ್ಲಿ ವಾಸಿಗಳನ್ನು ಏಳು ವರ್ಗ ಮಾಡಿದ್ದರು: ಗಂಡಸರಲ್ಲಿ ಮೂರು, ಹೆಂಗಸರಲ್ಲಿ ಮೂರು, 7 ವರ್ಷದ ಕೆಳಗಿನ ಮಕ್ಕಳದು ಒಂದು. 7ರಿಂದ 15ರವರೆಗಿನ ಹುಡುಗರದು, ಹುಡುಗಿಯರದು ಬೇರೆ ಬೇರೆ. ಆಹಾರದ ವರ್ಗವನ್ನು ವಯಸ್ಸಿನ ಜೊತೆ ಹೊಂದಿಸಿ ನೋಡಿ, ವಯಸ್ಸು ತಪ್ಪಾಗಿ ಬರೆದಿದ್ದರೆ ಅಲ್ಲೇ ಸಿಕ್ಕಿಬೀಳುತ್ತೆ.

‘ಯಾರ ಆದೇಶ’ ಅನ್ನುವ ಕಲಂನಲ್ಲಿ ಸಾಮಾನ್ಯವಾಗಿ ರಿಲೀವಿಂಗ್ ಆಫೀಸರ್ ಹೆಸರು, ಅಂದರೆ ನೆರವು ಕೇಳಿ ಬಂದ ಬಡವರನ್ನು ವಿಚಾರಿಸುವ ಯೂನಿಯನ್ ಅಧಿಕಾರಿ. ಅವರಿಗೆ ಇಂತಿಷ್ಟು ಬೀದಿ ಅಂತ ವಲಯ ಹಂಚಿರುತ್ತಿತ್ತು. ಹೆಸರು ಗುರುತು ಮಾಡಿಕೊಂಡರೆ ಕುಟುಂಬ ಯಾವ ಭಾಗದಲ್ಲಿ ವಾಸವಿತ್ತು ಅನ್ನೋ ಸುಳಿವು ಸಿಗುತ್ತೆ.

ಕೈಬರಹದಲ್ಲಿ ಪದೇ ಪದೇ ಮೋಸ ಹೋಗುವ ಜಾಗಗಳು: ‘ಜೆ-ಎನ್-ಒ’ ಅಂದರೆ ಜಾನ್, ಜೊನಾಥನ್ ಅಲ್ಲ. ‘ಜೆ-ಎ-ಎಸ್’ ಅಂದರೆ ಜೇಮ್ಸ್, ಆದರೆ ಸೂಚಿ ಮಾಡಿದವರು ಜೋಸ್ ಅಂತ ಓದಿ ಜೋಸೆಫ್ ಮಾಡಿರುತ್ತಾರೆ. ‘ಡಿ-ಒ’ ಅಂದರೆ ಮೇಲಿನಂತೆ. ಹೀಗೆ ‘ಮೇಲಿನಂತೆ’ ಇರುವ ಸಾಲುಗಳಲ್ಲಿ ಅಡ್ಡಹೆಸರೇ ಇರದ ಕಾರಣ ಗಣಕ ಸೂಚಿಯಲ್ಲಿ ಮಕ್ಕಳು ಕಾಣೆಯಾಗಿರುತ್ತಾರೆ. ಅಮ್ಮನ ಹೆಸರು ಹುಡುಕಿ ಪುಟ ತೆರೆದರೆ ಅವಳ ಕೆಳಗೇ ಕೂತಿರುತ್ತಾರೆ.

ನಡಾವಳಿ:
ಕ್ರೀಡ್ ರಿಜಿಸ್ಟರ್ ಯಾರೂ ಹೇಳಲಿಲ್ಲವಲ್ಲ. 1869ರಿಂದ ಈಚೆಗೆ ಪ್ರತಿ ವರ್ಕ್‌ಹೌಸಿನಲ್ಲೂ ಒಳಬಂದವರ ಧರ್ಮಪಂಥ ದಾಖಲಿಸುವ ಪುಸ್ತಕ ಇಡಬೇಕಿತ್ತು. ಕಾರಣ, ಕ್ಯಾಥೊಲಿಕ್ ಮಕ್ಕಳನ್ನು ಪ್ರಾಟೆಸ್ಟೆಂಟರಾಗಿ ಬೆಳೆಸುತ್ತಿದ್ದಾರೆ ಅನ್ನುವ ದೂರುಗಳು. ಇದು ಅಡ್ಡಹೆಸರಿನ ಮೊದಲಕ್ಷರದ ಪ್ರಕಾರ ಇರುವುದರಿಂದ ದಿನವಾರು ಪುಸ್ತಕಕ್ಕಿಂತ ಹತ್ತು ಪಾಲು ಬೇಗ ಹುಡುಕಬಹುದು. ಎಲ್ಲಿಂದ ಬಂದರು, ಮಾಹಿತಿ ಕೊಟ್ಟವರು ಯಾರು, ಎಷ್ಟೋ ಕಡೆ ಹತ್ತಿರದ ಸಂಬಂಧಿಯ ಹೆಸರು ಮತ್ತು ವಿಳಾಸವೂ ಇರುತ್ತೆ. ಅನಾಥ ಅಂತ ನಾವು ಅಂದುಕೊಂಡ ಮಗುವಿಗೆ ಅಜ್ಜಿ ಇದ್ದಳು ಅನ್ನೋದು ಗೊತ್ತಾಗೋದು ಈ ಕಲಂನಲ್ಲೇ.

ಹಳೇ ಕಡತ:
ಒಪ್ಪುತ್ತೇನೆ. ಆದರೆ ಕ್ರೀಡ್ ರಿಜಿಸ್ಟರ್ ಒಂದನ್ನೇ ನಂಬಿ ನಿಲ್ಲಿಸಬಾರದು. ಪದೇ ಪದೇ ಬಂದುಹೋಗುವವರಿಗೆ ಕೆಲವು ಗುಮಾಸ್ತರು ಹೊಸ ಸಾಲು ಬರೆಯದೆ ಹಳೇ ಸಾಲಿನಲ್ಲೇ ತಾರೀಖು ತುರುಕುತ್ತಿದ್ದರು. ದಿನವಾರು ಪುಸ್ತಕದ ಜೊತೆ ಹೋಲಿಸಿದಾಗಲೇ ನಿಜವಾದ ಲೆಕ್ಕ.

ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಚಾರ್ಲಿ ಚಾಪ್ಲಿನ್. 1896ರ ಮೇ ಕೊನೆಯಲ್ಲಿ, 7 ವರ್ಷದವನಾಗಿದ್ದಾಗ, ತಾಯಿ ಹ್ಯಾನಾ ಮತ್ತು ಅಣ್ಣ ಸಿಡ್ನಿ ಜೊತೆ ನ್ಯೂವಿಂಗ್ಟನ್ ವರ್ಕ್‌ಹೌಸ್ ಸೇರಿದ. ಜೂನ್ 18ಕ್ಕೆ ಹುಡುಗರಿಬ್ಬರೂ ಹ್ಯಾನ್‌ವೆಲ್‌ಗೆ. ಅಂದರೆ ವರ್ಕ್‌ಹೌಸಿನಿಂದ ಶಾಲೆಗೆ ಸುಮಾರು ಮೂರು ವಾರ, ಮೇಲೆ ಹೇಳಿದ ಹುಡುಕಾಟದ ಅವಧಿಗೆ ಸರಿಯಾಗಿ ಕೂರುತ್ತೆ. ಸಿಡ್ನಿ ಅದೇ ನವೆಂಬರ್‌ನಲ್ಲಿ ಎಕ್ಸ್‌ಮತ್ ಅನ್ನುವ ತರಬೇತಿ ಹಡಗಿಗೆ ಹೋದ. ಚಾರ್ಲಿ 1898ರ ಜನವರಿ 18ರವರೆಗೆ ಹ್ಯಾನ್‌ವೆಲ್‌ನಲ್ಲೇ.

ಈಗ ನೋಡಿ. 1898ರ ಜುಲೈ 22ರಂದು ಮೂವರೂ ಮತ್ತೆ ವರ್ಕ್‌ಹೌಸ್ ಸೇರಿದರು. ಆದರೆ ಈ ಸಲ ಮಕ್ಕಳು ಹ್ಯಾನ್‌ವೆಲ್‌ಗೆ ಹೋಗಲಿಲ್ಲ, ಜುಲೈ 30ಕ್ಕೆ ನಾರ್ವುಡ್ ಶಾಲೆಗೆ ಹೋದರು. ಯಾಕೆ? ಮೊದಲ ಸಲ ಖರ್ಚು ಸೌತ್‌ವಾರ್ಕ್ ಯೂನಿಯನ್ನಿನದು, ಅದಕ್ಕೆ ಹ್ಯಾನ್‌ವೆಲ್‌ನಲ್ಲಿ ಪಾಲಿತ್ತು. ಎರಡನೇ ಸಲ ಖರ್ಚು ಲ್ಯಾಂಬೆತ್‌ನದು, ಲ್ಯಾಂಬೆತ್‌ಗೆ ನಾರ್ವುಡ್‌ನಲ್ಲಿ ಸ್ವಂತ ಶಾಲೆ. ಅದೇ ಮಕ್ಕಳು, ಅದೇ ತಾಯಿ, ಕೆಲವೇ ಬೀದಿಗಳ ಅಂತರ. ಆದರೆ ದಾಖಲೆ ಬೇರೆ ಮಂಡಳಿ, ಬೇರೆ ಶಾಲೆ, ಬೇರೆ ಸರಣಿ. ಹ್ಯಾನ್‌ವೆಲ್ ಪುಸ್ತಕದಲ್ಲೇ ಹುಡುಕುತ್ತಾ ಕೂತರೆ 1898ರ ಚಾಪ್ಲಿನ್ ಸಿಗೋದೇ ಇಲ್ಲ.

ಅದೇ ಆಗಸ್ಟ್ 12ರಂದು ಹ್ಯಾನಾ ತನ್ನನ್ನೂ ಮಕ್ಕಳನ್ನೂ ಬಿಡುಗಡೆ ಮಾಡಿಸಿಕೊಂಡು ಹೊರಗೆ ಬಂದಳು. ಕೆನ್ನಿಂಗ್ಟನ್ ಪಾರ್ಕ್‌ನಲ್ಲಿ ಮಕ್ಕಳ ಜೊತೆ ಹಗಲು ಕಳೆದು ಅದೇ ದಿನ ಮತ್ತೆ ವರ್ಕ್‌ಹೌಸ್ ಬಾಗಿಲಿಗೆ ಬಂದಳು. ಪುಸ್ತಕದಲ್ಲಿ ಅದು ಒಂದೇ ತಾರೀಖಿನ ಎರಡು ನಮೂದು, ಒಂದು ಹೊರಕ್ಕೆ, ಒಂದು ಒಳಕ್ಕೆ. ಗುಮಾಸ್ತನ ತಪ್ಪು ಅಂತ ಇಂಥದ್ದನ್ನು ದಾಟಿ ಹೋಗಬೇಡಿ. ಮಕ್ಕಳ ಮುಖ ನೋಡಬೇಕೆಂದರೆ ತಾಯಿಗೆ ಇದ್ದ ದಾರಿ ಅದು: ತಾನು ಹೊರಟರೆ ಮಕ್ಕಳನ್ನೂ ಜೊತೆಗೆ ಕಳಿಸಲೇಬೇಕು ಅನ್ನೋದು ನಿಯಮ.

ಸಾಲುಮನೆ:
ಚಾಪ್ಲಿನ್ ಮನೆಯ ಉದಾಹರಣೆ ಹುಟ್ಟಿನ ದಾಖಲೆಗೂ ಬರುತ್ತೆ. ಸಿಡ್ನಿ ಹುಟ್ಟಿದ್ದು 1885ರ ಮಾರ್ಚ್ 16ಕ್ಕೆ, ನೋಂದಣಿ ಆದದ್ದು ತಾಯಿಯ ತವರಿನ ಅಡ್ಡಹೆಸರು ಹಿಲ್‌ನಲ್ಲಿ. ಹ್ಯಾನಾ ಚಾಪ್ಲಿನ್‌ನನ್ನು ಮದುವೆಯಾದದ್ದು ಆ ಜೂನ್‌ನಲ್ಲಿ. ಮುಂದೆ ಹುಡುಗ ಸಿಡ್ನಿ ಚಾಪ್ಲಿನ್. ಶಾಲೆಯ ಹೆಸರಿನಲ್ಲಿ ಹುಟ್ಟು ಹುಡುಕಿದರೆ ಬರೋದಿಲ್ಲ. ಇನ್ನು ಚಾರ್ಲಿಯ ಹುಟ್ಟಿನ ನೋಂದಣಿ ಇವತ್ತಿನವರೆಗೂ ಸಿಕ್ಕಿಲ್ಲ.

ನಿಮ್ಮ ಹುಡುಗನ ಲೆಕ್ಕ ಹೀಗೆ. 1881ರ ಏಪ್ರಿಲ್ 3ಕ್ಕೆ 9 ತುಂಬಿತ್ತು ಅಂದರೆ ಹುಟ್ಟಿದ್ದು 1871ರ ಏಪ್ರಿಲ್‌ನಿಂದ 1872ರ ಏಪ್ರಿಲ್ ಮೊದಲ ವಾರದೊಳಗೆ. ನೋಂದಣಿಗೆ 42 ದಿನ ಸಮಯವಿತ್ತು, ಸೂಚಿ ಇರೋದು ನೋಂದಣಿಯ ತ್ರೈಮಾಸಿಕದ ಪ್ರಕಾರ. ಆದ್ದರಿಂದ 1871ರ ಎರಡನೇ ತ್ರೈಮಾಸಿಕದಿಂದ 1872ರ ಎರಡನೇ ತ್ರೈಮಾಸಿಕದವರೆಗೆ ಐದೂ ನೋಡಿ. ವರ್ಕ್‌ಹೌಸ್ ವಯಸ್ಸುಗಳು ಎರಡು ವರ್ಷ ಆಚೀಚೆ ಆಗೋದು ಮಾಮೂಲಿ, ಸಿಗದಿದ್ದರೆ ಅಷ್ಟು ಹಿಗ್ಗಿಸಿ. ನೋಂದಣಿ ಜಿಲ್ಲೆ ಸೇಂಟ್ ಸೇವಿಯರ್ ಸೌತ್‌ವಾರ್ಕ್, ಸಂಪುಟ 1ಡಿ.

ಯಾವ ಸೂಚಿ ಅನ್ನೋದು ಮುಖ್ಯ. ಹಳೇ ಅಚ್ಚಿನ ಸೂಚಿಯಲ್ಲಿ ತಾಯಿಯ ತವರಿನ ಅಡ್ಡಹೆಸರು ಬರೋದು 1911ರಿಂದ. ಜನರಲ್ ರಿಜಿಸ್ಟರ್ ಆಫೀಸ್ ತನ್ನ ಜಾಲತಾಣದಲ್ಲಿ ಹೊಸದಾಗಿ ಮಾಡಿರುವ ಸೂಚಿಯಲ್ಲಿ 1837ರಿಂದಲೇ ಇದೆ. ಅಲ್ಲಿ ಆ ಜಾಗ ಖಾಲಿ ಇದ್ದರೆ ತಂದೆಯ ಹೆಸರಿಲ್ಲದ ನೋಂದಣಿ ಇರುವ ಸಂಭವ ಹೆಚ್ಚು. ಹುಡುಗ, ಹುಡುಗಿ ಇಬ್ಬರಿಗೂ ಅದೇ ತವರು ಹೆಸರು ಬಂದರೆ ಒಡಹುಟ್ಟಿದವರು ಅನ್ನೋದು ಗಟ್ಟಿಯಾಗುತ್ತೆ.

ಒಂದು ಪಕ್ಷ ಎರಡೂ ಸಿಗದಿದ್ದರೆ ಎದೆಗುಂದಬೇಡಿ. ನೋಂದಣಿ ಮಾಡಿಸದಿದ್ದರೆ ದಂಡ ಅನ್ನೋ ನಿಯಮ ಜಾರಿಗೆ ಬಂದದ್ದು 1875ರಿಂದ. ಅದಕ್ಕಿಂತ ಮುಂಚಿನ ಮಕ್ಕಳಿಗೆ ದೀಕ್ಷಾಸ್ನಾನದ ಪುಸ್ತಕವೇ ಗತಿ ಆಗಬಹುದು.

ಮಸಿಕುಡಿಕೆ:
ಅಪ್ಪ ಅಮ್ಮನ ಬಗ್ಗೆ ನಿಜವಾದ ಗಣಿ ಅಂದರೆ ಸೆಟ್ಲ್‌ಮೆಂಟ್ ವಿಚಾರಣೆಯ ಹೇಳಿಕೆಗಳು. ಈ ಬಡವರನ್ನು ಸಾಕುವ ಹೊಣೆ ನಮ್ಮ ಊರಿನದಲ್ಲ, ಪಕ್ಕದ ಊರಿನದು ಅಂತ ಸಾಬೀತು ಮಾಡಲು ಯೂನಿಯನ್‌ಗಳು ತಾಯಿಯನ್ನೋ ತಂದೆಯನ್ನೋ ಕೂರಿಸಿ ಪ್ರಮಾಣ ಮಾಡಿಸಿ ಹೇಳಿಕೆ ಬರೆಸಿಕೊಳ್ಳುತ್ತಿದ್ದವು. ಎಲ್ಲಿ ಹುಟ್ಟಿದೆ, ಯಾವ ಚರ್ಚಿನಲ್ಲಿ ಮದುವೆ, ಯಾವ ಬೀದಿಯಲ್ಲಿ ಎಷ್ಟು ಕಾಲ, ಬಾಡಿಗೆ ಎಷ್ಟು, ಗಂಡ ಯಾವಾಗ ಬಿಟ್ಟುಹೋದ, ಮಕ್ಕಳ ಹೆಸರು ವಯಸ್ಸು, ಎಲ್ಲ ಅದರಲ್ಲಿ. ಬಡ ಹೆಂಗಸೊಬ್ಬಳ ಬಾಯಿಮಾತು ಇಷ್ಟು ವಿವರವಾಗಿ ಬೇರೆ ಯಾವ ಸರ್ಕಾರಿ ಕಾಗದದಲ್ಲೂ ಉಳಿದಿಲ್ಲ.

ಕಾನೂನು ಬದಲಾದ ಹಾಗೆ ಕೇಳುವ ಪ್ರಶ್ನೆಯೂ ಬದಲಾಗಿದೆ. ಒಂದು ಕಡೆ ಸತತ ಐದು ವರ್ಷ ಇದ್ದವರನ್ನು ಹೊರಹಾಕುವಂತಿಲ್ಲ ಅಂತ 1846ರಲ್ಲಿ ಆಯಿತು. 1861ರಲ್ಲಿ ಅದು ಮೂರು ವರ್ಷಕ್ಕೆ, 1865ರಲ್ಲಿ ಒಂದೇ ವರ್ಷಕ್ಕೆ ಇಳಿಯಿತು. ಹಾಗಾಗಿ 1870ರ ದಶಕದ ಹೇಳಿಕೆಗಳಲ್ಲಿ ಕಳೆದ ಹನ್ನೆರಡು ತಿಂಗಳ ವಿಳಾಸಗಳು ಬಹಳ ವಿವರವಾಗಿ ಸಿಗುತ್ತವೆ. ವಿವಾಹದ ಹೊರಗೆ ಹುಟ್ಟಿದ ಮಗು 16 ವರ್ಷದವರೆಗೆ ತಾಯಿಯ ಊರನ್ನೇ ಅನುಸರಿಸುತ್ತಿತ್ತು. ತಂದೆಯ ಊರಿನ ಪ್ರಸ್ತಾಪವೇ ಇಲ್ಲದಿದ್ದರೆ ಅದನ್ನೂ ಗಮನಿಸಿ.

ಲಂಡನ್ನಿನ ಈ ಕಾಗದಗಳೂ ಪ್ರವೇಶ ರಿಜಿಸ್ಟರ್‌ಗಳೂ ಆನ್ಸೆಸ್ಟ್ರಿ ಅನ್ನುವ ವಂಶಾವಳಿ ಜಾಲತಾಣದಲ್ಲಿ ಬೇರೆ ಬೇರೆ ಸಂಗ್ರಹಗಳಾಗಿ ಇವೆ. ಸಾಮಾನ್ಯ ಹುಡುಕಾಟದ ಪೆಟ್ಟಿಗೆಯಲ್ಲಿ ಹೆಸರು ಹಾಕಿದರೆ ಸಾಲದು. ಸಂಗ್ರಹ ತೆರೆದು ಯೂನಿಯನ್, ಸಂಸ್ಥೆ, ವರ್ಷ ಆರಿಸಿಕೊಂಡು ಪುಸ್ತಕ ಮಗುಚಿದ ಹಾಗೆ ಚಿತ್ರಗಳನ್ನು ಮಗುಚಿ.

ದಂಡಿನ ದಾಖಲೆ:
ತಂದೆ ಬಿಟ್ಟುಹೋಗಿದ್ದರೆ ಅವನನ್ನು ಹಿಡಿಯುವ ದಾರಿ ಇದೆಯೇ? ಮಂಡಳಿಯ ನಡಾವಳಿಯಲ್ಲಿ ಮಕ್ಕಳ ಹೆಸರು ಬರುತ್ತಾ?

ನಡಾವಳಿ:
ಬಿಟ್ಟುಹೋದ ಗಂಡಸರ ವರ್ಣನೆಗೆಂದೇ ಒಂದು ಪತ್ರಿಕೆ ಇತ್ತು, ಪೂರ್ ಲಾ ಯೂನಿಯನ್ಸ್ ಗೆಜೆಟ್, 1857ರಿಂದ. ಹೆಸರು, ಎತ್ತರ, ಕೂದಲಿನ ಬಣ್ಣ, ಕಸುಬು, ಎಷ್ಟು ಮಕ್ಕಳನ್ನು ಯಾವ ಯೂನಿಯನ್ನಿನ ಪಾಲಿಗೆ ಬಿಟ್ಟಿದ್ದಾನೆ, ಹಿಡಿದುಕೊಟ್ಟರೆ ಎಷ್ಟು ಬಹುಮಾನ. ಭಾವಚಿತ್ರ ಇಲ್ಲದ ಕಾಲದಲ್ಲಿ ಒಬ್ಬ ಕೂಲಿಕಾರನ ಮುಖಚಹರೆ ಸಿಗುವ ಅಪರೂಪದ ಜಾಗ. ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ನಲ್ಲಿ ಹುಡುಕಿ. ಚಾಪ್ಲಿನ್‌ನ ತಂದೆಯ ಮೇಲೂ ಖರ್ಚು ವಸೂಲಿಗೆ ಮಂಡಳಿ ವಾರಂಟ್ ಹೊರಡಿಸಿತ್ತು.

ನಡಾವಳಿಯಲ್ಲಿ ಎಲ್ಲ ಮಕ್ಕಳ ಹೆಸರೂ ಬರೋದಿಲ್ಲ. ಖರ್ಚು ಅಥವಾ ಹೊಣೆ ಬದಲಾಗುವ ಠರಾವು ಆದಾಗ ಬರುತ್ತೆ: ತಂದೆಯ ಮೇಲೆ ಮೊಕದ್ದಮೆ, ಕಸುಬು ಕಲಿಯಲು ಒಪ್ಪಂದ, ಮನೆಗೆಲಸಕ್ಕೆ ಕಳಿಸುವಾಗ ಬಟ್ಟೆಬರೆಯ ಮಂಜೂರಾತಿ, ಕೆನಡಾಗೆ ರವಾನೆ, ಹಡಗಿಗೆ ವರ್ಗ. ಶಾಲೆಯಿಂದ ಹೊರಹೋದ ತಾರೀಖಿನ ಹಿಂದುಮುಂದಿನ ನಾಲ್ಕು ಸಭೆ ಓದಿದರೆ ಸಾಕು. ಸಂಪುಟದ ಕೊನೆಯಲ್ಲೋ ಮೊದಲಲ್ಲೋ ಸೂಚಿ ಇದ್ದರೆ ಹೆಸರಿನ ಜೊತೆಗೆ ‘ಎಮಿಗ್ರೇಷನ್’, ‘ಅಪ್ರೆಂಟಿಸ್’ ಅನ್ನುವ ಶೀರ್ಷಿಕೆಗಳನ್ನೂ ನೋಡಿ.

ಯೂನಿಯನ್‌ಗಳಿಗೂ ಬಡವರ ಕಾನೂನಿನ ಕೇಂದ್ರ ಕಚೇರಿಗೂ ನಡೆದ ಪತ್ರವ್ಯವಹಾರ ಕ್ಯೂನಲ್ಲಿ ‘ಎಂಎಚ್ 12’ ಸರಣಿ. 1834ರಿಂದ 1900ರವರೆಗೆ, 16,741 ಸಂಪುಟ, ಯೂನಿಯನ್‌ವಾರು, ಅದರೊಳಗೆ ತಾರೀಖುವಾರು. ಕೆಲವೇ ಯೂನಿಯನ್‌ಗಳಿಗೆ ಮಾತ್ರ ಪತ್ರ ಪತ್ರದ ಸಾರಾಂಶ ಸೂಚಿ ಆಗಿದೆ, ಉಳಿದದ್ದು ಕೈಯಾರೆ ತಿರುವಬೇಕು. 1900ರ ನಂತರದವು ಎರಡನೇ ಮಹಾಯುದ್ಧದ ಬೆಂಕಿಯಲ್ಲಿ ಬಹುತೇಕ ಹೋದವು. ಊರಿನ ರಿಜಿಸ್ಟರ್‌ಗಳೇ ಉಳಿಯದ ಕಡೆ ಎಂಎಚ್ 12 ದೊಡ್ಡ ಆಸರೆ.

ಸಾಲುಮನೆ:
ರಿಜಿಸ್ಟರ್‌ಗೂ ನೆನಪಿಗೂ ಜಗಳ ಬಂದರೆ ಏನು ಮಾಡೋದು ಅನ್ನೋದಕ್ಕೂ ಒಂದು ದೊಡ್ಡ ಉದಾಹರಣೆ ಇದೆ. ಆಫ್ರಿಕಾ ಪ್ರವಾಸಿ ಹೆನ್ರಿ ಮಾರ್ಟನ್ ಸ್ಟ್ಯಾನ್ಲಿ ವೇಲ್ಸಿನ ಸೇಂಟ್ ಆಸಫ್ ವರ್ಕ್‌ಹೌಸಿನಲ್ಲಿ ಬೆಳೆದವರು. ಆಗಿನ ಹೆಸರು ಜಾನ್ ರೋಲಂಡ್ಸ್, 1847ರ ಫೆಬ್ರವರಿ 20ರಂದು 6 ವರ್ಷದ ಹುಡುಗನಾಗಿ ಪ್ರವೇಶ. ಕ್ರೂರ ಮೇಷ್ಟರನ್ನು ಹೊಡೆದು, ಗೋಡೆ ಹಾರಿ ಓಡಿಹೋದೆ ಅಂತ ಅವರು ಮುಂದೆ ಬರೆದುಕೊಂಡರು. 1856ರ ಮೇ 13ರ ವರ್ಕ್‌ಹೌಸ್ ನಮೂದಿನಲ್ಲಿ ಇರೋದು ಹೋಲಿವೆಲ್‌ನ ನ್ಯಾಷನಲ್ ಸ್ಕೂಲ್‌ನಲ್ಲಿರುವ ಚಿಕ್ಕಪ್ಪನೋ ಮಾವನೋ ಆದವರ ಬಳಿಗೆ ಹೋದ ಅಂತ. ಇಂಗ್ಲಿಷಿನ ‘ಅಂಕಲ್’ ಅನ್ನುವ ಒಂದು ಪದದಿಂದ ತಾಯಿ ಕಡೆಯೋ ತಂದೆ ಕಡೆಯೋ ತಿಳಿಯೋದಿಲ್ಲ, ವಂಶವೃಕ್ಷ ಬರೆಯುವ ಕನ್ನಡಿಗರು ಇಲ್ಲಿ ಆತುರಪಡಬಾರದು.

ಆದರೆ ರಿಜಿಸ್ಟರ್ ಬರೆದದ್ದೂ ವರ್ಕ್‌ಹೌಸಿನವರೇ ಅನ್ನೋದು ನೆನಪಿರಲಿ. ಹೋದ ದಿನ, ಹೋದ ಜಾಗದ ಬಗ್ಗೆ ಅದನ್ನು ನಂಬಬಹುದು, ಯಾಕಂದ್ರೆ ಅದು ಲೆಕ್ಕಕ್ಕೆ ಬೇಕಾದ ಸಂಗತಿ. ಮಗುವನ್ನು ಹೇಗೆ ನಡೆಸಿಕೊಂಡರು ಅನ್ನೋದಕ್ಕೆ ಆ ಪುಸ್ತಕ ಸಾಕ್ಷಿಯೇ ಅಲ್ಲ.

ತೆಂಕಣ ಗಾಳಿ:
ಶಾಲೆಯಿಂದ ಹೊರಹೋದ ಸಾಲಿನ ಷರಾ ಏನು ಹೇಳುತ್ತೆ ಅನ್ನೋದರ ಮೇಲೆ ಮುಂದಿನ ದಾರಿ.

‘ಸರ್ವಿಸ್’ ಅಂದರೆ ಮನೆಗೆಲಸ ಅಥವಾ ಅಂಗಡಿ ಕೆಲಸ. 1851ರ ಕಾನೂನಿನಂತೆ ಹೀಗೆ ಕೆಲಸಕ್ಕೆ ಹೋದ 16ರ ಒಳಗಿನವರ ರಿಜಿಸ್ಟರ್ ಇಡಬೇಕಿತ್ತು, ರಿಲೀವಿಂಗ್ ಆಫೀಸರ್ ವರ್ಷಕ್ಕೆ ಎರಡು ಸಲ ಹೋಗಿ ನೋಡಿಕೊಂಡು ಬರಬೇಕಿತ್ತು. ನಿಮ್ಮ ಹುಡುಗನ ತಂಗಿಗೆ ಈ ದಾರಿಯೇ ಸಂಭವ. ಯಜಮಾನನ ಹೆಸರು, ವಿಳಾಸ ಸಿಕ್ಕರೆ 1891ರ ಜನಗಣತಿ ಆ ಬೀದಿಯಿಂದಲೇ ಶುರು ಮಾಡಬಹುದು.

‘ಎಕ್ಸ್‌ಮತ್’ ಅಂದರೆ ಎಸೆಕ್ಸ್‌ನ ಗ್ರೇಸ್ ಬಳಿ ಲಂಗರು ಹಾಕಿದ್ದ ತರಬೇತಿ ಹಡಗು, 1876ರಿಂದ. ಅದಕ್ಕೆ ಮುಂಚೆ ಅಲ್ಲಿ ಇದ್ದ ಗೋಲಿಯತ್ ಹಡಗು 1875ರ ಡಿಸೆಂಬರ್‌ನಲ್ಲಿ ಸುಟ್ಟುಹೋಯಿತು. ಅಲ್ಲಿಂದ ನೌಕಾಪಡೆಗೆ ಹೋದವರಿಗೆ ಕ್ಯೂನಲ್ಲಿರುವ ನಾವಿಕರ ಸೇವಾ ದಾಖಲೆ ಸರಣಿ ‘ಎಡಿಎಂ 188’ ನೋಡಿ. ಎಕ್ಸ್‌ಮತ್‌ನಿಂದ ಭೂಸೇನೆಯ ಬ್ಯಾಂಡಿಗೆ ಹೋದವರೂ ಇದ್ದಾರೆ, ಹಡಗು ಅಂದ ತಕ್ಷಣ ನೌಕಾಪಡೆ ಅಂತ ತೀರ್ಮಾನ ಬೇಡ.

‘ಕೆನಡಾ’ ಅಂತಿದ್ದರೆ ಲೈಬ್ರರಿ ಅಂಡ್ ಆರ್ಕೈವ್ಸ್ ಕೆನಡಾದ ಹೋಮ್ ಚಿಲ್ಡ್ರನ್ (ಬ್ರಿಟನ್ನಿನಿಂದ ಹೀಗೆ ಕಳಿಸಲಾದ ಮಕ್ಕಳು) ಸೂಚಿ ಉಚಿತವಾಗಿದೆ. 1869ರಿಂದ ಹೀಗೆ ಒಟ್ಟು ಲಕ್ಷಕ್ಕೂ ಹೆಚ್ಚು ಮಕ್ಕಳು ಹೋದರು. ವರ್ಕ್‌ಹೌಸ್ ಮಕ್ಕಳ ರವಾನೆ 1875ರ ಆಂಡ್ರೂ ಡಾಯ್ಲ್ ವರದಿಯ ನಂತರ ನಿಂತುಹೋಗಿ 1883ರಿಂದ ಮತ್ತೆ ಶುರುವಾಯಿತು. ಅನಾಥ ಅಥವಾ ತೊರೆದ ಮಗುವನ್ನು ಕಳಿಸುವ ಮುಂಚೆ ಮ್ಯಾಜಿಸ್ಟ್ರೇಟರ ಮುಂದೆ ಮಗುವಿನ ಒಪ್ಪಿಗೆ ಪಡೆಯಬೇಕಿತ್ತು, ಆದ್ದರಿಂದ ಪೆಟಿ ಸೆಷನ್ಸ್ ಅನ್ನುವ ಮ್ಯಾಜಿಸ್ಟ್ರೇಟ್ ಕೋರ್ಟಿನ ಕಡತದಲ್ಲೂ ಹೆಸರು ಇರಬಹುದು.

‘ಡೆಡ್’ ಅಂತ ಇದ್ದರೆ ಅದನ್ನೂ ಪೂರ್ತಿ ಹಿಂಬಾಲಿಸಿ. ಮರಣ ಪ್ರಮಾಣಪತ್ರ ತರಿಸಿ, ಯೂನಿಯನ್ ಯಾವ ಸ್ಮಶಾನದ ಜೊತೆ ಗುತ್ತಿಗೆ ಮಾಡಿಕೊಂಡಿತ್ತು ಅನ್ನೋದನ್ನು ನಡಾವಳಿಯಲ್ಲಿ ಹುಡುಕಿ. ಅಲ್ಲಿಗೆ ಬಿಟ್ಟುಬಿಟ್ಟರೆ ಆ ಮಗುವಿಗೆ ಮಣ್ಣು ಸಿಕ್ಕಿದ್ದು ಎಲ್ಲಿ ಅನ್ನೋದು ಯಾರಿಗೂ ತಿಳಿಯದೆ ಉಳಿಯುತ್ತೆ.

ದಂಡಿನ ದಾಖಲೆ:
ಹುಡುಗ ಶಾಲೆಯಿಂದ ನೇರ ಪಲ್ಟನ್ ಬ್ಯಾಂಡಿಗೆ ಹೋಗಿದ್ದರೆ? ಸಿಪಾಯಿಯ ಸೇವಾ ಕಡತ ‘ಡಬ್ಲ್ಯುಒ 97’ರಲ್ಲಿ ಹುಡುಕಿದೆ, ಇಲ್ಲ.

ಹಳೇ ಕಡತ:
ಇರೋದಿಲ್ಲ ಸರ್. ಡಬ್ಲ್ಯುಒ 97 ಇರೋದು ಬಿಡುಗಡೆಯಾಗಿ ಹೊರಬಂದವರದು. ಸೇವೆಯಲ್ಲಿದ್ದಾಗಲೇ ತೀರಿಕೊಂಡವರ ಕಾಗದ ಅದರಲ್ಲಿ ಸೇರಿಲ್ಲ. ಬೆಂಗಳೂರಿನಲ್ಲಿ ಸತ್ತವನಿಗೆ ಹಾಜರಿ ಮತ್ತು ಸಂಬಳದ ಪಟ್ಟಿಗಳೇ ಆಧಾರ: 1898ರವರೆಗೆ ‘ಡಬ್ಲ್ಯುಒ 16’. ಪಲ್ಟನ್ ಗೊತ್ತಿದೆಯಲ್ಲ, ಅದರ ಪಟ್ಟಿಯಲ್ಲಿ ಸತ್ತ ವರ್ಷದಿಂದ ಹಿಂದಕ್ಕೆ ಅವನ ರೆಜಿಮೆಂಟ್ ಸಂಖ್ಯೆ ಹಿಡಿದು ಬನ್ನಿ. ಹೆಸರು ಹಿಡಿದು ಬರಬೇಡಿ, ಒಂದೇ ಪಲ್ಟನ್ನಿನಲ್ಲಿ ಅದೇ ಹೆಸರಿನವರು ಇರುತ್ತಾರೆ. ಹಿಂದಕ್ಕೆ ಹೋಗುತ್ತಾ ಒಂದು ಕಡೆ ದರ್ಜೆ ಪ್ರೈವೇಟ್‌ನಿಂದ ‘ಬಾಯ್’ ಆಗುತ್ತೆ. ಇನ್ನೂ ಹಿಂದೆ ಅವನು ಸೇರಿದ ದಿನ ಸಿಗುತ್ತೆ.

ಸಾಲುಮನೆ:
ಬೆಂಗಳೂರು ಕಡೆಯ ಕಾಗದದ ಬಗ್ಗೆ ಒಂದು ಮಾತು. ಬೆಂಗಳೂರು ದಂಡಿನ ದೀಕ್ಷಾಸ್ನಾನ, ಮದುವೆ, ಸಮಾಧಿ ಲೆಕ್ಕಗಳು ಮದ್ರಾಸ್ ಪ್ರೆಸಿಡೆನ್ಸಿ ಜೊತೆ ಹೋಗಿ ಈಗ ಬ್ರಿಟಿಷ್ ಲೈಬ್ರರಿಯ ‘ಎನ್/2’ ಸರಣಿಯಲ್ಲಿವೆ. ಆದರೆ ಅದು ಪಾದ್ರಿಗಳು ಕಳಿಸಿಕೊಟ್ಟ ನಕಲು. ನಕಲು ಮಾಡುವಾಗ ವಯಸ್ಸಿನ 3 ಮತ್ತು 5, ರೆಜಿಮೆಂಟಿನ ಅಂಕಿ ಇವು ಹೆಚ್ಚಾಗಿ ಕೆಡುತ್ತವೆ. ಮೂಲ ಪುಸ್ತಕ ಸ್ಥಳೀಯ ಚರ್ಚಿನಲ್ಲಿ ಉಳಿದಿದ್ದರೆ ಅನುಮತಿ ಕೇಳಿ ಅದನ್ನೇ ನೋಡಿ. ಜನರಲ್ ರಿಜಿಸ್ಟರ್ ಆಫೀಸ್‌ನಲ್ಲಿ 1881ರಿಂದ ಸೇನೆಯ ಪ್ರತ್ಯೇಕ ಮರಣ ಸೂಚಿ ಇದೆ, ಮೂರನೆಯದಾಗಿ ಅದನ್ನೂ ಹೋಲಿಸಿ. ನಿಮ್ಮ ವಯಸ್ಸು ಹೊಂದುವ ಲೆಕ್ಕ ಯಾವ ಪ್ರತಿಯ ಮೇಲೆ ನಿಂತಿದೆ ಅನ್ನೋದನ್ನು ಬರೆದಿಟ್ಟುಕೊಳ್ಳಿ.

ದಂಡಿನ ದಾಖಲೆ:
ಎನ್/2 ನಕಲಿನ ಮೇಲೆ. ಹಾಗಾದರೆ ಹುಡುಗ ಮತ್ತು ಸಿಪಾಯಿ ಒಬ್ಬನೇ ಅಂತ ಯಾವಾಗ ಹೇಳಬಹುದು?

ಹಳೇ ಕಡತ:
ಎರಡು ಪುಸ್ತಕಗಳ ತಾರೀಖು ಕೂಡಿದಾಗ. ಶಾಲೆಯ ಬಿಡುಗಡೆ ಸಾಲಿನಲ್ಲಿ ಪಲ್ಟನ್ನಿನ ಹೆಸರು ಇರಬಹುದು, ಬರೇ ‘ಆರ್ಮಿ’ ಅಂತಲೂ ಇರಬಹುದು. ಆದರೆ ದಿನ ಇದ್ದೇ ಇರುತ್ತೆ, ಆ ದಿನದಿಂದ ಯೂನಿಯನ್ ಅವನಿಗೆ ದುಡ್ಡು ಕೊಡಬೇಕಿಲ್ಲವಲ್ಲ. ಪಲ್ಟನ್ನಿನ ಪಟ್ಟಿಯಲ್ಲೂ ಅವನಿಗೆ ಸಂಬಳ ಶುರುವಾದ ದಿನ ಇದ್ದೇ ಇರುತ್ತೆ. 14ರ ಆಸುಪಾಸಿನ ಹುಡುಗ, ಅಂದರೆ 1885-86ರ ಸುಮಾರಿಗೆ, ಒಂದು ಲೆಕ್ಕದಿಂದ ಹೊರಬಿದ್ದು ಅದೇ ದಿನವೋ ಎರಡು ಮೂರು ದಿನದೊಳಗೋ ಇನ್ನೊಂದು ಲೆಕ್ಕಕ್ಕೆ ಬಿದ್ದಿದ್ದರೆ ಅವನೇ ಇವನು. ತಿಂಗಳುಗಳ ಅಂತರ ಇದ್ದರೆ ಬೇರೆಯವನು ಅಂತಲೇ ಇಟ್ಟುಕೊಂಡು ಇನ್ನಷ್ಟು ಹುಡುಕಿ.

ಲಂಡನ್ ಆರ್ಕೈವ್ಸ್‌ಗೆ ನಕಲು ಕೇಳಿ ಬರೆಯುವಾಗ ‘ಇವನ ಬಗ್ಗೆ ಏನಿದೆ’ ಅಂತ ಕೇಳಬೇಡಿ. ಸಿಎಲ್‌ಎಸ್‌ಡಿ, ಪ್ರವೇಶ ಮತ್ತು ಬಿಡುಗಡೆ ರಿಜಿಸ್ಟರ್, 1878ರಿಂದ 1887, ಹುಡುಗನ ಮತ್ತು ಅವನ ತಂಗಿಯ ಪೂರ್ತಿ ಹೆಸರು, ಅಂದಾಜು ಹುಟ್ಟಿದ ವರ್ಷ, ಅಡ್ಡಹೆಸರಿನ ಎರಡು ಮೂರು ಕಾಗುಣಿತ, ಇಷ್ಟನ್ನು ಬರೆಯಿರಿ. ಸಾಲಷ್ಟೇ ಅಲ್ಲ, ಷರಾ ಕಲಂ ಸಮೇತ ಎರಡೂ ಬದಿಯ ಪೂರ್ತಿ ಪುಟದ ಚಿತ್ರ ಬೇಕು ಅಂತ ಸ್ಪಷ್ಟವಾಗಿ ಕೇಳಿ. ಅದೇ ದಿನ ಅವನ ಜೊತೆ ಇನ್ನೂ ಮೂರು ನಾಲ್ಕು ಹುಡುಗರು ಅದೇ ಬ್ಯಾಂಡಿಗೆ ಹೊರಟಿದ್ದರೆ ಅವರ ಹೆಸರುಗಳೂ ಆ ಪುಟದಲ್ಲೇ ಇರುತ್ತವೆ. ಅವರನ್ನೂ ಪಲ್ಟನ್ನಿನ ಪಟ್ಟಿಯಲ್ಲಿ ಹುಡುಕಿ.